ಕಂಪ್ಯೂಟರಿನ ವೇಗ ಮತ್ತು ಚದುರಂಗದ ಬಲ

(ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಭಾಷಾ ಶಿಕ್ಷಕನಿಗೆ ಕಂಪ್ಯೂಟರಿನ ಗೊಡವೆ ಏಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಇದಕ್ಕೆ ಕಾರಣ ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಒಂದು ಹಳೆಯ ಯಂತ್ರವಿದೆ. ಬಿಡುವಿನ ವೇಳೆಯಲ್ಲಿ ಆ ಹುಡುಗ ಅದರೊಡನೆ ಚೆಸ್ ಆಡುತ್ತಾನೆ, ಸೋಲುತ್ತಾನೆ, ಮತ್ತೆ ಆಡುತ್ತಾನೆ. ಒಂದು ದಿನ ನನ್ನನ್ನು ಕೇಳಿದ: "ಸರ್, ಇದೇ ಆಟವನ್ನು ಹೊಸ ಕಂಪ್ಯೂಟರಿಗೆ ಹಾಕಿದರೆ ಅದು ಇನ್ನೂ ಬುದ್ಧಿವಂತ ಆಗುತ್ತದೆಯೇ?" ನಾನು "ಹೌದಪ್ಪ, ಆಗುತ್ತದೆ" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಪ್ರಶ್ನೆ ಕೇಳಿದ: "ಹಾಗಾದರೆ ಮನೆಯಲ್ಲಿ ಹೊಸ ಕಂಪ್ಯೂಟರ್ ಇರುವ ಮಕ್ಕಳು ಯಾವಾಗಲೂ ನಮಗಿಂತ ಮುಂದೆಯೇ ಇರುತ್ತಾರೆ ಅಲ್ಲವೇ ಸರ್?"

ಮೊದಲನೆಯ ಪ್ರಶ್ನೆಗೆ ನಾನು ತಿಳಿಯದೆಯೇ ಉತ್ತರ ಕೊಟ್ಟಿದ್ದೆ. ಎರಡನೆಯದಕ್ಕೆ ಉತ್ತರವೇ ಹೊಳೆಯಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ನಾನು ತಿಳಿದುಕೊಂಡಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಆ ಹುಡುಗನ ಎರಡೂ ಪ್ರಶ್ನೆಗಳಿಗೆ ಕೊನೆಯಲ್ಲಿ ಉತ್ತರ ಹೇಳುತ್ತೇನೆ.

ಮೊದಲು ಒಂದು ಹಳೆಯ ಕಥೆ. ಚದುರಂಗ ನಮ್ಮ ದೇಶದಲ್ಲಿ ಹುಟ್ಟಿದ ಆಟ. ಇಲ್ಲಿಂದ ಪರ್ಷಿಯಾಕ್ಕೆ ಹೋಗಿ, ಅರಬರ ಕೈಗೆ ಸಿಕ್ಕಿ, 'ಶತರಂಜ್' ಎಂಬ ಹೆಸರಿನಲ್ಲಿ ಜಗತ್ತನ್ನು ಸುತ್ತಿತು. ಇಂದಿಗೂ ನಾವು ಉರ್ದುವಿನಲ್ಲಿ ಹೇಳುವ 'ಶಹ್ ಮಾತ್' ಎಂಬ ಮಾತೇ ಇಂಗ್ಲಿಷಿನಲ್ಲಿ 'ಚೆಕ್‌ಮೇಟ್' ಆಗಿದೆ. ಈ ಆಟದ ಬಗ್ಗೆ 13ನೆಯ ಶತಮಾನದ ಲೇಖಕ ಇಬ್ನ್ ಖಲ್ಲಿಕಾನ್ ಒಂದು ಕಥೆ ಬರೆದಿಟ್ಟಿದ್ದಾರೆ. ಸಿಸ್ಸಾ ಎಂಬ ಜಾಣ ಚದುರಂಗವನ್ನು ಕಂಡುಹಿಡಿದು ರಾಜನಿಗೆ ಒಪ್ಪಿಸಿದನಂತೆ. ಏನು ಬೇಕು ಕೇಳು ಎಂದ ರಾಜ. ಮೊದಲ ಮನೆಗೆ ಒಂದು ಗೋಧಿ ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ 64 ಮನೆಗಳಿಗೂ ಇಮ್ಮಡಿ ಮಾಡುತ್ತಾ ಕೊಡಿ ಎಂದ ಸಿಸ್ಸಾ. ಇಷ್ಟೇನೇ ಎಂದು ರಾಜ ನಕ್ಕ. ಲೆಕ್ಕ ಹಾಕಿದಾಗ ಬಂದ ಕಾಳುಗಳ ಸಂಖ್ಯೆ 1,84,46,74,40,73,70,95,51,615. ರಾಜ್ಯದ ಕಣಜಗಳೆಲ್ಲ ಬರಿದಾದರೂ ಸಾಲದು.

ಇದು ಕಥೆ. ಇದರಲ್ಲಿರುವ ಗಣಿತ ಮಾತ್ರ ನಿಜ. ಇಮ್ಮಡಿಯಾಗುತ್ತಾ ಹೋಗುವುದು ಎಂದರೇನು ಎಂಬುದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಕಂಪ್ಯೂಟರಿನ ಚದುರಂಗದಲ್ಲಿ ಇಮ್ಮಡಿ ಎರಡು ಕಡೆ ಕೆಲಸ ಮಾಡುತ್ತದೆ. ಒಂದು ಕಡೆ ಯಂತ್ರದ ವೇಗ ಇಮ್ಮಡಿಯಾಗುತ್ತಾ ಬಂದಿದೆ. ಇನ್ನೊಂದು ಕಡೆ, ಆಟದಲ್ಲಿ ಮುಂದೆ ನೋಡಬೇಕಾದ ದಾರಿಗಳು ಇಮ್ಮಡಿಗಿಂತಲೂ ಜೋರಾಗಿ ಹೆಚ್ಚುತ್ತವೆ. ಇವೆರಡರ ಓಟದ ಪಂದ್ಯವೇ ಇಂದಿನ ನನ್ನ ವಿಷಯ.

ಕಂಪ್ಯೂಟರ್ ಚೆಸ್ ಆಡುವುದು ಹೇಗೆ? ನಾನು ಈ ಕಾಯಿ ನಡೆಸಿದರೆ ಎದುರಾಳಿ ಏನೇನು ನಡೆಸಬಹುದು, ಅದಕ್ಕೆ ನಾನು ಏನೇನು ನಡೆಸಬಹುದು ಎಂದು ಅದು ಒಂದೊಂದಾಗಿ ನೋಡುತ್ತಾ ಹೋಗುತ್ತದೆ. ಸ್ವಲ್ಪ ದೂರ ಹೋದ ಮೇಲೆ ನಿಂತು, ಅಲ್ಲಿನ ಹಲಗೆಯ ಸ್ಥಿತಿಗೆ ಬೆಲೆ ಕಟ್ಟುತ್ತದೆ: ಯಾರ ಬಳಿ ಎಷ್ಟು ಕಾಯಿ ಇವೆ, ಯಾರ ರಾಜ ಸುರಕ್ಷಿತ, ಯಾರ ಕಾಲಾಳು ಮುಂದಿದ್ದಾನೆ ಎಂದು. ಹಾಗಾಗಿ ಇದರಲ್ಲಿ ಎರಡು ಕೆಲಸಗಳಿವೆ. ಒಂದು ಹುಡುಕುವುದು, ಇನ್ನೊಂದು ಬೆಲೆ ಕಟ್ಟುವುದು. ಈ ಎರಡು ಮಾತುಗಳನ್ನು ಮರೆಯಬೇಡಿ.

ಒಬ್ಬ ಆಟಗಾರನ ಒಂದು ನಡೆಯನ್ನು ಒಂದು ಮೆಟ್ಟಿಲು ಎಂದು ಕರೆಯೋಣ. ಆಟದ ನಡುವೆ ಸಾಮಾನ್ಯವಾಗಿ 35ರಷ್ಟು ನಡೆಗಳು ಸಾಧ್ಯವಿರುತ್ತವೆ. ಒಂದು ಮೆಟ್ಟಿಲು ನೋಡಲು 35 ಸ್ಥಿತಿ. ಎರಡಕ್ಕೆ 1,225. ಮೂರಕ್ಕೆ 42,875. ನಾಲ್ಕಕ್ಕೆ 15,00,625. ನಾಲ್ಕು ಮೆಟ್ಟಿಲು ಎಂದರೆ ಇಬ್ಬರಿಗೂ ಎರಡೆರಡು ನಡೆ, ಅಷ್ಟೇ. ನಮ್ಮಲ್ಲಿ ಚೆನ್ನಾಗಿ ಆಡುವ ಮಕ್ಕಳು ಇದಕ್ಕಿಂತ ದೂರ ನೋಡುತ್ತಾರೆ.

ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1950ರಲ್ಲೇ ಈ ಲೆಕ್ಕ ಹಾಕಿದರು. ಇಬ್ಬರಿಗೂ ಮೂರು ಮೂರು ನಡೆ ನೋಡಲು ಸುಮಾರು 100 ಕೋಟಿ ಸ್ಥಿತಿಗಳಿಗೆ ಬೆಲೆ ಕಟ್ಟಬೇಕು. ಒಂದೊಂದಕ್ಕೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ಮಾತ್ರ ಹಿಡಿದರೂ ಒಂದು ನಡೆಗೆ 16 ನಿಮಿಷಕ್ಕಿಂತ ಹೆಚ್ಚು ಬೇಕು. ಹೀಗಿರುವಾಗ ಎರಡು ದಾರಿಗಳಿವೆ ಎಂದು ಅವರು ಹೇಳಿದರು. ಒಂದು, ಎಲ್ಲವನ್ನೂ ನೋಡುವುದು. ಆದರೆ ಸ್ವಲ್ಪ ದೂರ ಮಾತ್ರ. ಇನ್ನೊಂದು, ಮುಖ್ಯವಾದದ್ದನ್ನು ಮಾತ್ರ ಆರಿಸಿ ದೂರದವರೆಗೆ ನೋಡುವುದು. ಅಂದಿನಿಂದ ಇಂದಿನವರೆಗೂ ಕಂಪ್ಯೂಟರ್ ಚೆಸ್ಸಿನ ಚರಿತ್ರೆ ಈ ಎರಡು ದಾರಿಗಳ ನಡುವೆಯೇ ಸಾಗಿದೆ.

ವೇಗವೇ ಇಲ್ಲದಿದ್ದರೆ ಏನಾಗುತ್ತದೆ? ಅದಕ್ಕೂ ಉದಾಹರಣೆ ಇದೆ. ಇಂಗ್ಲೆಂಡಿನ ಅಲನ್ ಟ್ಯೂರಿಂಗ್ 1948ರ ಸುಮಾರಿಗೆ ಗೆಳೆಯ ಚಾಂಪರ್ನೌನ್ ಜೊತೆ ಸೇರಿ ಚೆಸ್ ಆಡುವ ಒಂದು ಪ್ರೋಗ್ರಾಂ ಬರೆದರು. ಅದನ್ನು ನಡೆಸಬಲ್ಲ ಯಂತ್ರ ಅವರ ಬಳಿ ಇರಲಿಲ್ಲ. 1952ರಲ್ಲಿ ಅವರೇ ಯಂತ್ರವಾಗಿ ಕುಳಿತರು. ಕಾಗದ, ಪೆನ್ಸಿಲ್ ಹಿಡಿದು ಪ್ರೋಗ್ರಾಂ ಹೇಳಿದಂತೆ ಲೆಕ್ಕ ಹಾಕಿ ಆಲಿಕ್ ಗ್ಲೆನಿ ಎಂಬ ಸಹೋದ್ಯೋಗಿಯೊಡನೆ ಆಡಿದರು. ಒಂದು ನಡೆಗೆ ಅರ್ಧ ಗಂಟೆಯಷ್ಟು ಹಿಡಿಯುತ್ತಿತ್ತು. 29ನೆಯ ನಡೆಯಲ್ಲಿ ಸೋತರು. ಇಪ್ಪತ್ತನೆಯ ಶತಮಾನದ ಅತ್ಯಂತ ಚುರುಕಾದ ತಲೆಗಳಲ್ಲಿ ಒಂದು ಅದು. ಆದರೂ ಉಪಕರಣವಿಲ್ಲದೆ ಒಬ್ಬ ಸಾಮಾನ್ಯ ಆಟಗಾರನ ಮುಂದೆ ಆ ಪ್ರೋಗ್ರಾಂ ನಿಲ್ಲಲಿಲ್ಲ. ಆದುದರಿಂದ 'ಬುದ್ಧಿ ಇದ್ದರೆ ಸಾಕು, ಯಂತ್ರ ಯಾಕೆ' ಎಂದು ಹೇಳುವವರು ಟ್ಯೂರಿಂಗರ ಆ ಅರ್ಧ ಗಂಟೆಯನ್ನು ನೆನಪಿಸಿಕೊಳ್ಳಬೇಕು.

ಮುಂದೆ ಯಂತ್ರ ಬಂತು. 1957ರ ಸುಮಾರಿಗೆ ಅಲೆಕ್ಸ್ ಬರ್ನ್‌ಸ್ಟೈನ್ ಮತ್ತು ಸಂಗಡಿಗರು ಐಬಿಎಂ 704 ಎಂಬ ದೊಡ್ಡ ಯಂತ್ರಕ್ಕೆ ಒಂದು ಪ್ರೋಗ್ರಾಂ ಬರೆದರು. ಅದು ಪ್ರತಿ ಸ್ಥಿತಿಯಲ್ಲೂ ಏಳು ನಡೆಗಳನ್ನು ಮಾತ್ರ ಆರಿಸಿ ನಾಲ್ಕು ಮೆಟ್ಟಿಲು ನೋಡುತ್ತಿತ್ತು. ಏಳನ್ನು ನಾಲ್ಕು ಸಲ ಗುಣಿಸಿದರೆ 2,401. ಇಷ್ಟಕ್ಕೆ ಅದಕ್ಕೆ ಎಂಟು ನಿಮಿಷ ಬೇಕಾಗುತ್ತಿತ್ತು. ಇದು ಶಾನನ್ ಹೇಳಿದ ಎರಡನೆಯ ದಾರಿ. ಆದರೆ ಆರಿಸುವುದರಲ್ಲೇ ತಪ್ಪಾಗುತ್ತಿತ್ತು. ಒಳ್ಳೆಯ ನಡೆ ಆ ಏಳರೊಳಗೆ ಬರದಿದ್ದರೆ ಮುಗಿಯಿತು.

ಈಗ ಒಂದು ದೊಡ್ಡ ಉಪಾಯದ ಬಗ್ಗೆ ಹೇಳಬೇಕು. ಅದರ ಹೆಸರು ಆಲ್ಫಾ-ಬೀಟಾ. ಹೆಸರು ಕೇಳಿ ಹೆದರಬೇಡಿ. ನಿಮ್ಮ ಮುಂದೆ ಎರಡು ಹಣ್ಣಿನ ಬುಟ್ಟಿಗಳಿವೆ ಎಂದಿಟ್ಟುಕೊಳ್ಳಿ. ಬುಟ್ಟಿ ಆರಿಸುವವರು ನೀವು. ಆ ಬುಟ್ಟಿಯಿಂದ ಹಣ್ಣು ತೆಗೆದುಕೊಡುವವನು ನಿಮ್ಮ ಎದುರಾಳಿ. ಅವನು ಇದ್ದುದರಲ್ಲಿ ಕೆಟ್ಟದ್ದನ್ನೇ ಕೊಡುತ್ತಾನೆ. ಮೊದಲ ಬುಟ್ಟಿ ಪೂರ್ತಿ ನೋಡಿದಿರಿ, ಅದರಲ್ಲಿ ಅತಿ ಕೆಟ್ಟದ್ದು ಎಂದರೆ ಒಂದು ಬಾಳೆಹಣ್ಣು. ಎರಡನೆಯ ಬುಟ್ಟಿಗೆ ಕೈ ಹಾಕಿದ ಕೂಡಲೇ ಒಂದು ಕೊಳೆತ ನಿಂಬೆ ಸಿಕ್ಕಿತು. ಇನ್ನು ಆ ಬುಟ್ಟಿಯಲ್ಲಿ ಮಾವು ಇದೆಯೋ ಸೇಬು ಇದೆಯೋ ನೋಡುವ ಅಗತ್ಯವಿದೆಯೇ? ಇಲ್ಲ. ಏಕೆಂದರೆ ಅವನು ನಿಮಗೆ ಕೊಡುವುದು ಆ ಕೊಳೆತ ನಿಂಬೆಯನ್ನೇ, ಅಥವಾ ಅದಕ್ಕಿಂತಲೂ ಕೆಟ್ಟದ್ದನ್ನು. ಆ ಬುಟ್ಟಿಯನ್ನು ಅಲ್ಲಿಗೇ ಬಿಟ್ಟುಬಿಡಬಹುದು.

ಆಲ್ಫಾ-ಬೀಟಾ ಎಂದರೆ ಇಷ್ಟೇ. ಉತ್ತರ ಸ್ವಲ್ಪವೂ ಬದಲಾಗುವುದಿಲ್ಲ, ಕೆಲಸ ಮಾತ್ರ ಉಳಿಯುತ್ತದೆ. ಎಷ್ಟು ಉಳಿಯುತ್ತದೆ ಗೊತ್ತೇ? ನಾಲ್ಕು ಮೆಟ್ಟಿಲಿಗೆ 15,00,625 ಸ್ಥಿತಿ ಎಂದೆನಲ್ಲ, ಒಳ್ಳೆಯ ನಡೆಯನ್ನೇ ಮೊದಲು ನೋಡುವ ಅಭ್ಯಾಸವಿದ್ದರೆ 2,449 ಸ್ಥಿತಿಗಳನ್ನು ನೋಡಿದರೆ ಸಾಕು. ಆರುನೂರು ಪಟ್ಟಿಗಿಂತ ಹೆಚ್ಚು ಉಳಿತಾಯ. ಯಂತ್ರದ ಒಂದು ತಂತಿಯನ್ನೂ ಬದಲಿಸದೆ, ಒಂದು ರೂಪಾಯಿಯನ್ನೂ ಖರ್ಚು ಮಾಡದೆ ಬಂದ ವೇಗ ಇದು. ಇದರಿಂದ ಒಂದು ಮೆಟ್ಟಿಲು ಹೆಚ್ಚು ನೋಡಲು 35 ಪಟ್ಟು ಕೆಲಸದ ಬದಲು ಸರಾಸರಿ ಆರು ಪಟ್ಟು ಕೆಲಸ ಸಾಕು ಎಂದಾಯಿತು.

ಹಾಗಾದರೆ ಒಂದು ಮೆಟ್ಟಿಲು ಹೆಚ್ಚು ನೋಡಿದರೆ ಆಟದ ಬಲ ಎಷ್ಟು ಹೆಚ್ಚುತ್ತದೆ? ಇದನ್ನು ಅಳೆದು ನೋಡಿದವರು ಕೆನ್ ಥಾಂಪ್ಸನ್. ಯುನಿಕ್ಸ್ ಎಂಬ ಪ್ರಸಿದ್ಧ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರು. ಅವರು ಜೋ ಕಾಂಡನ್ ಜೊತೆ 'ಬೆಲ್' ಎಂಬ ಚೆಸ್ ಯಂತ್ರವನ್ನು ಮಾಡಿದರು. ಸೆಕೆಂಡಿಗೆ ಸುಮಾರು 1,60,000 ಸ್ಥಿತಿ ನೋಡುವ ಆ ಯಂತ್ರ 1980ರಲ್ಲಿ ಆಸ್ಟ್ರಿಯಾದ ಲಿಂಟ್ಸ್ ನಗರದಲ್ಲಿ ಕಂಪ್ಯೂಟರುಗಳ ವಿಶ್ವ ಚಾಂಪಿಯನ್ ಆಯಿತು. ಥಾಂಪ್ಸನ್ ಒಂದು ಸರಳ ಪ್ರಯೋಗ ಮಾಡಿದರು. ಬೆಲ್ ಯಂತ್ರದ ವಿರುದ್ಧ ಬೆಲ್ ಯಂತ್ರವನ್ನೇ ಆಡಿಸಿದರು. ಪ್ರೋಗ್ರಾಂ ಒಂದೇ, ಒಂದು ಕಡೆ ಮಾತ್ರ ಒಂದು ಮೆಟ್ಟಿಲು ಹೆಚ್ಚು ನೋಡಬೇಕು. ಒಂದೊಂದು ಮೆಟ್ಟಿಲಿಗೂ ಸುಮಾರು 200 ರೇಟಿಂಗ್ ಅಂಶ ಹೆಚ್ಚುತ್ತಿತ್ತು. 200 ಅಂಶದ ಅಂತರ ಎಂದರೆ ನೂರು ಆಟ ಆಡಿದರೆ ಬಲಶಾಲಿಗೆ ಸುಮಾರು 76 ಅಂಕ, ಇನ್ನೊಬ್ಬನಿಗೆ 24.

ವಿದ್ಯಾರ್ಥಿಗಳೇ, ಈಗ ಲೆಕ್ಕ ನೀವೇ ಮಾಡಿ. ಒಂದು ಮೆಟ್ಟಿಲಿಗೆ ಆರು ಪಟ್ಟು ವೇಗ ಬೇಕು. ಒಮ್ಮೆ ಇಮ್ಮಡಿಯಾದರೆ ಎರಡು, ಎರಡನೆಯ ಸಲ ನಾಲ್ಕು, ಮೂರನೆಯ ಸಲ ಎಂಟು. ಅಂದರೆ ಆರು ಪಟ್ಟು ಆಗಲು ಸುಮಾರು ಎರಡೂವರೆ ಸಲ ಇಮ್ಮಡಿಯಾಗಬೇಕು. 200 ಅಂಶವನ್ನು ಎರಡೂವರೆಯಿಂದ ಭಾಗಿಸಿ. 80 ಬಂತು. ನಿಜವಾದ ಆಟಗಳಲ್ಲಿ ಆ ಕಾಲದ ಪ್ರೋಗ್ರಾಂಗಳಿಗೆ ಒಂದು ಇಮ್ಮಡಿಗೆ 50ರಿಂದ 80 ಅಂಶದವರೆಗೆ ಹೆಚ್ಚುತ್ತದೆ ಎಂಬುದು ಬಲ್ಲವರ ಅಂದಾಜಾಗಿತ್ತು. 70 ಎಂದು ಹಿಡಿದರೂ ನೂರು ಆಟದಲ್ಲಿ 60 ಅಂಕ.

ಸಿಸ್ಸಾನ ಹಲಗೆ ಇಲ್ಲಿ ಮತ್ತೆ ಬರುತ್ತದೆ. ಆದರೆ ಈ ಸಲ ಮೋಸ ಹೋಗುವವನು ರಾಜನಲ್ಲ, ವೇಗವನ್ನು ನಂಬಿದವನು. ವೇಗ ಎರಡು, ನಾಲ್ಕು, ಎಂಟು, ಹದಿನಾರು ಎಂದು ಗುಣಿಸುತ್ತಾ ಹೋಗುತ್ತದೆ. ಬಲ ಮಾತ್ರ 70, 140, 210, 280 ಎಂದು ಕೂಡುತ್ತಾ ಹೋಗುತ್ತದೆ. ಹತ್ತು ಸಲ ಇಮ್ಮಡಿಯಾದರೆ ವೇಗ 1,024 ಪಟ್ಟು. ಬಲ ಹತ್ತು ಹೆಜ್ಜೆ, ಅಷ್ಟೇ.

ಆದರೆ ಆ ಹತ್ತು ಹೆಜ್ಜೆಯನ್ನು ಹಗುರವಾಗಿ ಕಾಣಬೇಡಿ. ಹೆಜ್ಜೆಗಳು ನಿಲ್ಲದೆ ಬಂದರೆ ಏನಾಗುತ್ತದೆ ಎಂಬುದನ್ನು ಇತಿಹಾಸ ತೋರಿಸಿದೆ. ಸ್ಕಾಟ್ಲೆಂಡಿನ ಅಂತಾರಾಷ್ಟ್ರೀಯ ಮಾಸ್ಟರ್ ಡೇವಿಡ್ ಲೆವಿ 1968ರಲ್ಲಿ ಒಂದು ಸವಾಲು ಹಾಕಿದರು: ಹತ್ತು ವರ್ಷದೊಳಗೆ ಯಾವ ಕಂಪ್ಯೂಟರೂ ನನ್ನನ್ನು ಪಂದ್ಯದಲ್ಲಿ ಸೋಲಿಸಲಾರದು ಎಂದು. 1978ರಲ್ಲಿ ಟೊರೊಂಟೊದಲ್ಲಿ 'ಚೆಸ್ 4.7' ಎಂಬ ಪ್ರೋಗ್ರಾಂ ವಿರುದ್ಧ ಮೂರೂವರೆಗೆ ಒಂದೂವರೆ ಅಂಕದಿಂದ ಗೆದ್ದರು. ಆದರೆ ಒಂದು ಆಟ ಸೋತರು. 1989ರಲ್ಲಿ ಅದೇ ಲೆವಿ 'ಡೀಪ್ ಥಾಟ್' ಎಂಬ ಯಂತ್ರದ ಮುಂದೆ ಕುಳಿತಾಗ ನಾಲ್ಕಕ್ಕೆ ನಾಲ್ಕೂ ಆಟ ಸೋತರು. ಅದೇ ವರ್ಷ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಡೀಪ್ ಥಾಟ್ ವಿರುದ್ಧ ಎರಡೂ ಆಟ ಸುಲಭವಾಗಿ ಗೆದ್ದರು. ಮುಂದೆ ಅದರ ಸಂತತಿಯಾದ 'ಡೀಪ್ ಬ್ಲೂ' ಬಂತು. 1996ರಲ್ಲಿ ಫಿಲಡೆಲ್ಫಿಯಾದಲ್ಲಿ ಕಾಸ್ಪರೋವ್ ನಾಲ್ಕು-ಎರಡರಿಂದ ಗೆದ್ದರು. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಮೂರೂವರೆ-ಎರಡೂವರೆಯಿಂದ ಸೋತರು.

1988ರಲ್ಲಿ ಡೀಪ್ ಥಾಟ್ ಸೆಕೆಂಡಿಗೆ ಸುಮಾರು 7 ಲಕ್ಷ ಸ್ಥಿತಿ ನೋಡುತ್ತಿತ್ತು. 1997ರ ಡೀಪ್ ಬ್ಲೂ ಸುಮಾರು 20 ಕೋಟಿ. ಅದರಲ್ಲಿ ಚೆಸ್ಸಿಗಾಗಿಯೇ ಮಾಡಿದ 480 ಚಿಪ್‌ಗಳಿದ್ದವು. ಎಂಟು ಸಲ ಇಮ್ಮಡಿಯಾದರೆ 256 ಪಟ್ಟು. ಇಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚೇ ಆಗಿದೆ. ಗ್ರ್ಯಾಂಡ್‌ಮಾಸ್ಟರುಗಳ ಸಲಹೆಯಿಂದ ಬೆಲೆ ಕಟ್ಟುವ ರೀತಿಯೂ ಸುಧಾರಿಸಿತ್ತು ಎಂಬುದನ್ನು ಮರೆಯಬಾರದು. ಆದರೂ ಆ ಗೆಲುವು ಬಹುಪಾಲು ವೇಗದ ಗೆಲುವು. ಅಂದು ಜಗತ್ತು ಏನೆಂದುಕೊಂಡಿತು? ಇನ್ನು ಮುಂದೆ ಯಾರ ಬಳಿ ದೊಡ್ಡ ಯಂತ್ರವಿದೆಯೋ ಅವರೇ ಗೆಲ್ಲುತ್ತಾರೆ ಎಂದು. ನಮ್ಮ ಒಂಬತ್ತನೆಯ ತರಗತಿಯ ಹುಡುಗನೂ ಹಾಗೆಯೇ ಅಂದುಕೊಂಡಿದ್ದ.

ಆದರೆ ಆಗಿದ್ದೇ ಬೇರೆ. 2006ರ ಕೊನೆಯಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಅಂದಿನ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ 'ಡೀಪ್ ಫ್ರಿಟ್ಜ್' ಎಂಬ ಪ್ರೋಗ್ರಾಂ ವಿರುದ್ಧ ನಾಲ್ಕು-ಎರಡರಿಂದ ಸೋತರು. ಅದು ಅಂಗಡಿಯಲ್ಲಿ ಸಿಗುವ ಪ್ರೋಗ್ರಾಂ. ಓಡಿದ್ದು ಎರಡು ಪ್ರೊಸೆಸರುಗಳ ಒಂದು ಕಂಪ್ಯೂಟರಿನಲ್ಲಿ. ನೋಡುತ್ತಿದ್ದುದು ಸೆಕೆಂಡಿಗೆ 80 ಲಕ್ಷ ಸ್ಥಿತಿ, ಅಂದರೆ ಡೀಪ್ ಬ್ಲೂ ನೋಡುತ್ತಿದ್ದುದರ ಇಪ್ಪತ್ತೈದರಲ್ಲಿ ಒಂದು ಭಾಗ.

ಇನ್ನೂ ಕೇಳಿ. 2009ರ ಆಗಸ್ಟಿನಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ನಡೆದ ಕೋಪಾ ಮರ್ಕೋಸುರ್ ಪಂದ್ಯಾವಳಿಯಲ್ಲಿ ಒಂದು ಮೊಬೈಲ್ ಫೋನ್ ಆಡಿತು. 'ಪಾಕೆಟ್ ಫ್ರಿಟ್ಜ್ 4' ಎಂಬ ಪ್ರೋಗ್ರಾಂ. ಹತ್ತು ಆಟಗಳಲ್ಲಿ ಒಂಬತ್ತೂವರೆ ಅಂಕ ಗಳಿಸಿತು. ಆ ಪಂದ್ಯಾವಳಿಯ ಮಟ್ಟಿಗೆ ಅದರ ಸಾಧನೆಯ ರೇಟಿಂಗ್ 2898. ಎದುರಾಳಿಗಳು ವಿಶ್ವ ಚಾಂಪಿಯನ್ನರಲ್ಲ ಎಂಬುದು ನಿಜ. ಆದರೆ ಆ ಫೋನ್ ಸೆಕೆಂಡಿಗೆ ನೋಡುತ್ತಿದ್ದುದು 20,000ಕ್ಕಿಂತ ಕಡಿಮೆ ಸ್ಥಿತಿ. ಡೀಪ್ ಬ್ಲೂ 20 ಕೋಟಿ, ಈ ಫೋನ್ 20 ಸಾವಿರ. ಹತ್ತು ಸಾವಿರ ಪಟ್ಟು ಅಂತರ!

ಇದು ಹೇಗೆ ಸಾಧ್ಯವಾಯಿತು? ಹನ್ನೆರಡು ವರ್ಷಗಳಲ್ಲಿ ಪ್ರೋಗ್ರಾಂ ಬರೆಯುವವರು ಏನನ್ನು ನೋಡಬಾರದು ಎಂಬುದನ್ನು ಕಲಿತಿದ್ದರು. ಒಂದು ಉದಾಹರಣೆ ಕೊಡುತ್ತೇನೆ. 1990ರ ದಶಕದಲ್ಲಿ ಒಂದು ಉಪಾಯ ಬಳಕೆಗೆ ಬಂತು. ಎದುರಾಳಿಗೆ ಒಂದು ನಡೆಯನ್ನು ಪುಕ್ಕಟೆಯಾಗಿ ಬಿಟ್ಟುಕೊಟ್ಟು ನೋಡು. ಆಗಲೂ ನಿನ್ನ ಸ್ಥಿತಿಯೇ ಚೆನ್ನಾಗಿದ್ದರೆ ಆ ದಾರಿಯನ್ನು ಇನ್ನಷ್ಟು ಹುಡುಕುವ ಅಗತ್ಯವಿಲ್ಲ, ಅವನು ಅದಕ್ಕೆ ಬರುವುದೇ ಇಲ್ಲ. ಇನ್ನೊಂದು ಉಪಾಯ: ಪಟ್ಟಿಯಲ್ಲಿ ಮೊದಲಿರುವ ಭರವಸೆಯ ನಡೆಗಳನ್ನು ಆಳವಾಗಿ ನೋಡು, ಕೊನೆಯಲ್ಲಿರುವುದನ್ನು ಮೇಲುಮೇಲೆ ನೋಡು, ಅನುಮಾನ ಬಂದರೆ ಮಾತ್ರ ಹಿಂತಿರುಗು. ಇಂಥ ಉಪಾಯಗಳಿಂದ ಒಂದು ಮೆಟ್ಟಿಲಿಗೆ ಬೇಕಾದ ಆರು ಪಟ್ಟು ಕೆಲಸ ಎರಡು ಪಟ್ಟಿನ ಹತ್ತಿರಕ್ಕೆ ಇಳಿಯಿತು. ಶಾನನ್ ಹೇಳಿದ ಎರಡನೆಯ ದಾರಿ ಹೀಗೆ ಮೊದಲನೆಯ ದಾರಿಯೊಳಗೇ ಬಂದು ಸೇರಿಕೊಂಡಿತು.

ಹಿರಿಯರಲ್ಲಿ ಕೆಲವರು ಕೇಳಬಹುದು: ಒಂದು ಪ್ರೊಸೆಸರಿನ ಬದಲು ಹತ್ತು ಜೋಡಿಸಿದರೆ ಬಲ ಹತ್ತು ಪಟ್ಟು ಆಗುವುದಿಲ್ಲವೇ? ಆಗುವುದಿಲ್ಲ. ಮದುವೆ ಮನೆಯಲ್ಲಿ ಒಂದು ದೇಗ್ ಅನ್ನ ಬೇಯಲು ಅರ್ಧ ಗಂಟೆ ಬೇಕಾದರೆ, ಹತ್ತು ಮಂದಿ ಅಡುಗೆಯವರು ಸುತ್ತ ನಿಂತರೂ ಮೂರು ನಿಮಿಷದಲ್ಲಿ ಬೇಯುವುದಿಲ್ಲ. ಮೊದಲ ಬುಟ್ಟಿ ನೋಡಿದ ಮೇಲಲ್ಲವೇ ಎರಡನೆಯ ಬುಟ್ಟಿಯನ್ನು ಬಿಡಬಹುದು ಎಂದು ತಿಳಿಯುವುದು? ಇಬ್ಬರು ಒಟ್ಟಿಗೇ ಎರಡು ಬುಟ್ಟಿಗಳನ್ನು ನೋಡಲು ಹೊರಟರೆ ಬಿಡಬಹುದಾಗಿದ್ದ ಕೆಲಸವನ್ನೂ ಒಬ್ಬ ಮಾಡುತ್ತಿರುತ್ತಾನೆ. ಲಾಭ ಇದ್ದೇ ಇದೆ, ಆದರೆ ಹಾಕಿದಷ್ಟು ಹಿಂದಿರುಗುವುದಿಲ್ಲ.

ಮತ್ತೊಂದು ಮಾತು. ಮೇಲಕ್ಕೆ ಹೋದಂತೆ ಹೆಜ್ಜೆಯೂ ಚಿಕ್ಕದಾಗುತ್ತದೆ. ಮೂರು ಮೆಟ್ಟಿಲು ನೋಡುವವನು ನಾಲ್ಕನೆಯದನ್ನು ನೋಡಿದರೆ ಎಷ್ಟೋ ಮೋಸಗಳಿಂದ ಪಾರಾಗುತ್ತಾನೆ. ಮೂವತ್ತು ಮೆಟ್ಟಿಲು ನೋಡುವವನಿಗೆ ಮೂವತ್ತೊಂದನೆಯದರಿಂದ ಬಹಳ ಸಲ ಹೊಸದೇನೂ ಕಾಣುವುದಿಲ್ಲ. ಇಂದಿನ ಬಲಿಷ್ಠ ಪ್ರೋಗ್ರಾಂಗಳು ತಮ್ಮತಮ್ಮಲ್ಲಿ ಆಡಿದರೆ ಹೆಚ್ಚಿನ ಆಟಗಳು ಡ್ರಾ ಆಗುತ್ತವೆ. ಅದಕ್ಕಾಗಿ ಪರೀಕ್ಷಿಸುವವರು ಬೇಕೆಂದೇ ಒಂದು ಕಡೆಗೆ ವಾಲಿದ ಸ್ಥಿತಿಗಳಿಂದ ಆಟ ಶುರುಮಾಡಿಸುತ್ತಾರೆ.

ಇಷ್ಟು ಹೇಳಿದ ಮೇಲೆ ಯಂತ್ರದ ಪರವಾಗಿಯೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. 2017ರ ಡಿಸೆಂಬರಿನಲ್ಲಿ ಡೀಪ್‌ಮೈಂಡ್ ಸಂಸ್ಥೆಯ 'ಆಲ್ಫಾಜೀರೋ' ಸುದ್ದಿ ಮಾಡಿತು. ಆಟದ ನಿಯಮಗಳನ್ನಷ್ಟೇ ತಿಳಿದು, ತನ್ನೊಡನೆ ತಾನೇ ಆಡಿ ಕಲಿತ ಪ್ರೋಗ್ರಾಂ ಅದು. 'ಸ್ಟಾಕ್‌ಫಿಶ್' ವಿರುದ್ಧ ನೂರು ಆಟಗಳಲ್ಲಿ 28 ಗೆದ್ದು 72 ಡ್ರಾ ಮಾಡಿಕೊಂಡಿತು, ಒಂದೂ ಸೋಲಲಿಲ್ಲ. ಸ್ಟಾಕ್‌ಫಿಶ್ ಸೆಕೆಂಡಿಗೆ 7 ಕೋಟಿ ಸ್ಥಿತಿ ನೋಡಿದರೆ ಆಲ್ಫಾಜೀರೋ ನೋಡಿದ್ದು 80 ಸಾವಿರ. ಸ್ಟಾಕ್‌ಫಿಶ್‌ಗೆ ಕೊಟ್ಟ ಸೌಲಭ್ಯ ಸರಿಯಿರಲಿಲ್ಲ ಎಂಬ ಆಕ್ಷೇಪ ಬಂತು. 2018ರಲ್ಲಿ ಪ್ರಕಟವಾದ ಸಾವಿರ ಆಟಗಳ ಪಂದ್ಯದಲ್ಲಿಯೂ ಆಲ್ಫಾಜೀರೋ 155 ಗೆದ್ದು 6 ಮಾತ್ರ ಸೋತಿತು. ಕಡಿಮೆ ನೋಡಿ ಹೆಚ್ಚು ಗೆದ್ದಿತು ಎಂದು ಎಲ್ಲರೂ ಹೊಗಳಿದರು. ಹೊಗಳಬೇಕಾದ್ದೇ. ಆದರೆ ಅದು ಕಲಿಯುವಾಗ ಅದರ ಹಿಂದೆ 5,000 ವಿಶೇಷ ಚಿಪ್‌ಗಳು ದುಡಿದಿದ್ದವು. ಅಂದರೆ ಹಾರ್ಡ್‌ವೇರಿನ ಶಕ್ತಿ ಹುಡುಕುವುದರಿಂದ ಬೆಲೆ ಕಟ್ಟುವುದರ ಕಡೆಗೆ ಹೋಯಿತು, ಶಕ್ತಿ ಬೇಡವಾಗಲಿಲ್ಲ.

ಆ ಪಾಠವನ್ನು ಬಡವರ ಮನೆಗೂ ತಂದವರು ಬೇರೆಯವರು. ಜಪಾನಿನ ಯು ನಾಸು ಎಂಬವರು 2018ರಲ್ಲಿ ಶೋಗಿ ಎಂಬ ಜಪಾನಿ ಚದುರಂಗಕ್ಕಾಗಿ, ಸಾಮಾನ್ಯ ಕಂಪ್ಯೂಟರಿನಲ್ಲೇ ಓಡಬಲ್ಲ ಬೆಲೆ ಕಟ್ಟುವ ಒಂದು ಹೊಸ ವಿಧಾನ ಕಂಡುಹಿಡಿದರು. 2020ರ ಸೆಪ್ಟೆಂಬರಿನಲ್ಲಿ ಸ್ಟಾಕ್‌ಫಿಶ್ 12 ಅದನ್ನು ಅಳವಡಿಸಿಕೊಂಡಿತು. ಬೆಲೆ ಕಟ್ಟುವ ಕೆಲಸ ಭಾರವಾದ್ದರಿಂದ ಅದೇ ಯಂತ್ರದಲ್ಲಿ ಸೆಕೆಂಡಿಗೆ ನೋಡುವ ಸ್ಥಿತಿಗಳು ಕಡಿಮೆಯಾದವು. ಆದರೂ ಹಿಂದಿನ ಸ್ಟಾಕ್‌ಫಿಶ್ 11ನ್ನು ಅದು ಸುಲಭವಾಗಿ ಸೋಲಿಸಿತು. ನಿಧಾನವಾಯಿತು, ಬಲವೂ ಹೆಚ್ಚಿತು!

ಸ್ಟಾಕ್‌ಫಿಶ್ ಯಾರ ಸೊತ್ತೂ ಅಲ್ಲ. 2008ರಿಂದ ಬೆಳೆದುಬಂದ ಈ ಪ್ರೋಗ್ರಾಂ ಎಲ್ಲರಿಗೂ ಉಚಿತ, ಅದರ ಒಳಗಿನ ಬರಹವೂ ಎಲ್ಲರಿಗೂ ತೆರೆದಿದೆ. 2013ರಿಂದ ಜಗತ್ತಿನ ನಾನಾ ಕಡೆಯ ಸ್ವಯಂಸೇವಕರು ತಮ್ಮ ಕಂಪ್ಯೂಟರುಗಳ ಬಿಡುವಿನ ವೇಳೆಯನ್ನು ಅದರ ಪರೀಕ್ಷೆಗಾಗಿ ಕೊಡುತ್ತಿದ್ದಾರೆ. ಒಂದು ಸಣ್ಣ ಬದಲಾವಣೆ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಸಾವಿರಾರು ಆಟಗಳನ್ನು ಆಡಿಸುತ್ತಾರೆ. ಅದು ಇಂದು ನಿಮ್ಮ ತಂದೆಯವರ ಮೊಬೈಲಿನಲ್ಲಿಯೂ ಓಡುತ್ತದೆ. ಅಲ್ಲಿಯೂ ಅದನ್ನು ಪಂದ್ಯದಲ್ಲಿ ಸೋಲಿಸಬಲ್ಲ ಮನುಷ್ಯನಿಲ್ಲ.

ವಿದ್ಯಾರ್ಥಿಗಳೇ, ನಾನು ಹೇಳಿದೆ ಎಂದು ನಂಬಬೇಡಿ. ನೀವೇ ಪ್ರಯೋಗ ಮಾಡಿ ನೋಡಿ. ವೇಗ ಇಮ್ಮಡಿಯಾಗುವುದೂ ಸಮಯ ಇಮ್ಮಡಿಯಾಗುವುದೂ ಪ್ರೋಗ್ರಾಂ ಪಾಲಿಗೆ ಒಂದೇ. ಆದ್ದರಿಂದ ಹೊಸ ಕಂಪ್ಯೂಟರ್ ಬೇಕಾಗಿಲ್ಲ. ಒಂದೇ ಯಂತ್ರದಲ್ಲಿ ಒಂದೇ ಪ್ರೋಗ್ರಾಂ ಅನ್ನು ತನ್ನ ವಿರುದ್ಧ ತಾನೇ ಆಡಲು ಬಿಡಿ. ಒಂದು ಕಡೆಗೆ ನಡೆಗೆ ಒಂದು ಸೆಕೆಂಡು, ಇನ್ನೊಂದು ಕಡೆಗೆ ಎರಡು ಸೆಕೆಂಡು. ಬಿಳಿ-ಕಪ್ಪು ಬದಲಾಯಿಸುತ್ತಾ ಇರಿ. ಬೇರೆಬೇರೆ ಆರಂಭಗಳಿಂದ ಆಡಿಸಿ, ಇಲ್ಲವಾದರೆ ಒಂದೇ ಆಟ ಮರಳಿ ಮರಳಿ ಬರುತ್ತದೆ. ಹತ್ತು ಆಟ ನೋಡಿ ತೀರ್ಮಾನಕ್ಕೆ ಬರಬೇಡಿ, ಕನಿಷ್ಠ ಇನ್ನೂರು ಆಟ ಬೇಕು. ಅಂಕಗಳನ್ನು ಬರೆದಿಡಿ. ಆಮೇಲೆ ಎರಡು-ನಾಲ್ಕು, ನಾಲ್ಕು-ಎಂಟು ಸೆಕೆಂಡು ಮಾಡಿ ನೋಡಿ. ಲಾಭ ಕಡಿಮೆಯಾಗುತ್ತಾ ಬರುತ್ತದೆಯೇ, ಗಮನಿಸಿ. ವಿಜ್ಞಾನ ಪ್ರದರ್ಶನಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗ ನನಗೆ ತಿಳಿದಿಲ್ಲ.

ಈಗ ಆ ಹುಡುಗನಿಗೆ ಉತ್ತರ. ಮೊದಲನೆಯ ಪ್ರಶ್ನೆ: ಹೊಸ ಕಂಪ್ಯೂಟರಿನಲ್ಲಿ ಆ ಆಟ ಇನ್ನೂ ಬುದ್ಧಿವಂತ ಆಗುತ್ತದೆಯೇ? ಮಗು, ಅದು ಬುದ್ಧಿವಂತ ಆಗುವುದಿಲ್ಲ, ಸ್ವಲ್ಪ ಹೆಚ್ಚು ದೂರ ನೋಡುತ್ತದೆ. ಪ್ರತಿ ಇಮ್ಮಡಿಗೂ ಒಂದು ಹೆಜ್ಜೆ. ಮೊದಲ ಹೆಜ್ಜೆಗಳು ದೊಡ್ಡವು, ಆಮೇಲಿನವು ಚಿಕ್ಕವು.

ಎರಡನೆಯ ಪ್ರಶ್ನೆ: ಹೊಸ ಯಂತ್ರ ಇರುವವರು ಯಾವಾಗಲೂ ಮುಂದೆಯೇ ಇರುತ್ತಾರೆಯೇ? 2005ರಲ್ಲಿ ಅಂತರ್ಜಾಲದಲ್ಲಿ ಒಂದು ಚೆಸ್ ಪಂದ್ಯಾವಳಿ ನಡೆಯಿತು. ಮನುಷ್ಯ, ಯಂತ್ರ, ಇಬ್ಬರೂ ಸೇರಿದ ತಂಡ, ಯಾರು ಬೇಕಾದರೂ ಆಡಬಹುದಿತ್ತು. ಕಂಪ್ಯೂಟರ್ ಹಿಡಿದ ಗ್ರ್ಯಾಂಡ್‌ಮಾಸ್ಟರುಗಳಿದ್ದರು. ಅಬುಧಾಬಿಯಲ್ಲಿ ನೆಲೆಗೊಂಡಿದ್ದ 'ಹೈಡ್ರಾ' ಎಂಬ ಭಾರೀ ಯಂತ್ರವೂ ಇತ್ತು. ಅದೇ ವರ್ಷ ಹೈಡ್ರಾ ಲಂಡನ್ನಿನಲ್ಲಿ ಗ್ರ್ಯಾಂಡ್‌ಮಾಸ್ಟರ್ ಮೈಕೆಲ್ ಆಡಮ್ಸ್ ಅವರನ್ನು ಐದೂವರೆ-ಅರ್ಧ ಅಂಕದಿಂದ ಸೋಲಿಸಿತ್ತು. ಕೊನೆಗೆ ಆ ಪಂದ್ಯಾವಳಿಯಲ್ಲಿ ಗೆದ್ದವರು ಅಮೆರಿಕದ ಇಬ್ಬರು ಹವ್ಯಾಸಿ ಆಟಗಾರರು. ಅವರ ಬಳಿ ಇದ್ದುದು ಮೂರು ಸಾಮಾನ್ಯ ಕಂಪ್ಯೂಟರುಗಳು, ಮತ್ತು ಅವುಗಳನ್ನು ಯಾವಾಗ ಏನು ಕೇಳಬೇಕು ಎಂಬ ಅಭ್ಯಾಸ. ಇಂದು ಪ್ರೋಗ್ರಾಂಗಳು ಎಷ್ಟು ಬಲಿತಿವೆ ಎಂದರೆ ಮನುಷ್ಯನ ನೆರವು ಅವಕ್ಕೆ ಹೆಚ್ಚೇನೂ ಬೇಕಾಗಿಲ್ಲ. ಆದರೆ ಆ ಪ್ರೋಗ್ರಾಂಗಳನ್ನು ಬಲಪಡಿಸುವವರು ಇಂದಿಗೂ ಮನುಷ್ಯರೇ.

ಸಂಘದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಟ್ಯೂರಿಂಗ್ ಕಾಗದ ಹಿಡಿದು ಅರ್ಧ ಗಂಟೆ ಕುಳಿತಿದ್ದನ್ನು ಮರೆಯಬೇಡಿ. ಏನೂ ಇಲ್ಲದ ಮಗುವಿಗೆ ಸಿಗುವ ಮೊದಲ ಕಂಪ್ಯೂಟರ್, ಅದು ಎಷ್ಟೇ ಹಳೆಯದಾಗಿರಲಿ, ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ಒಬ್ಬ ಮಗುವಿಗೆ ಎರಡನೆಯ, ಮೂರನೆಯ ವೇಗದ ಯಂತ್ರ ಕೊಡುವ ಹಣದಲ್ಲಿ ಎಷ್ಟು ಮಕ್ಕಳಿಗೆ ಮೊದಲನೆಯದನ್ನು ಕೊಡಬಹುದು ಎಂದು ದಯವಿಟ್ಟು ಲೆಕ್ಕ ಹಾಕಿ.

ವಿದ್ಯಾರ್ಥಿಗಳಲ್ಲಿ ನನ್ನ ಮಾತು ಇನ್ನೊಂದು. ಎರಡನೆಯ ಯಂತ್ರಕ್ಕಾಗಿ ಕಾಯುತ್ತಾ ಕೂರಬೇಡಿ. ಮೊದಲನೆಯದು ಸಿಕ್ಕ ಮೇಲೆ ಮುಂದಿನ ದೊಡ್ಡ ಹೆಜ್ಜೆ ಅಂಗಡಿಯಲ್ಲಿ ಸಿಗುವುದಿಲ್ಲ. ಯಾವ ಬುಟ್ಟಿಯನ್ನು ಬಿಡಬೇಕು ಎಂದು ತಿಳಿಯುವುದರಲ್ಲಿ ಅದು ಇದೆ.

ಅಂದ ಹಾಗೆ, ಆ ಹುಡುಗ ಈಗಲೂ ಅದೇ ಹಳೆಯ ಯಂತ್ರದೊಡನೆ ಆಡುತ್ತಾನೆ. ಈಗಲೂ ಸೋಲುತ್ತಾನೆ. ಆದರೆ ಸೋತ ಆಟವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಎಲ್ಲಿ ತಪ್ಪಾಯಿತು ಎಂದು ಅದೇ ಯಂತ್ರವನ್ನು ಕೇಳುತ್ತಾನೆ. ಮೊನ್ನೆ ಶಾಲೆಯ ಪಂದ್ಯದಲ್ಲಿ ನಾನು ಅವನೊಡನೆ ಆಡಿ ಸೋತೆ.